6/12 ಅಂದರೆ ಅರ್ಧ ಕಣ್ಣು ಹೋಯ್ತಾ?

ಈ ಸಲ ಪತ್ರಗಳ ಕಟ್ಟಿನಲ್ಲಿ ಕಣ್ಣಿನದೇ ಕಾರುಬಾರು. ಶಾಲೆ ಶುರುವಾಗಿ ಮಕ್ಕಳ ತಪಾಸಣೆ ನಡೆದಿರುವುದೂ ಒಂದು ಕಾರಣ ಇರಬೇಕು. ಎಲ್ಲಕ್ಕೂ ಬರೆಯಲು ಜಾಗ ಇಲ್ಲ, ಒಂದೇ ತರದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. ಶಾಲೆಯಲ್ಲಿ ಕಣ್ಣು ನೋಡಿ, ಎರಡೂ ಕಣ್ಣಿಗೆ 6/12 ಅಂತ ಚೀಟಿ ಕೊಟ್ಟರು. ಆಮೇಲೆ ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಮೈನಸ್ 0.75 ಅಂದರು. ಪಕ್ಕದ ಮನೆಯವರು 6/12 ಅಂದರೆ ಅರ್ಧ ದೃಷ್ಟಿ ಹೋಗಿದೆ ಅಂತ ಹೆದರಿಸಿದ್ದಾರೆ. ಅರ್ಧ ಹೋಗಿದ್ದರೆ ನಂಬರ್ ಬರೀ ಮುಕ್ಕಾಲು ಹೇಗೆ? (ಸಾಗರದಿಂದ ಒಬ್ಬ ತಾಯಿ)

ಉತ್ತರ: ಮೊದಲು ಪಕ್ಕದ ಮನೆಯವರ ಮಾತು ಬಿಡಿ. ಅರ್ಧ ಏನೂ ಹೋಗಿಲ್ಲ. 6/12 ನೋಡೋಕೆ ಭಿನ್ನರಾಶಿ ತರ ಇದೆ, ಆದರೆ ಅದು ಎರಡು ದೂರಗಳನ್ನು ಒಂದರ ಕೆಳಗೆ ಒಂದು ಬರೆದಿರುವುದು, ಅಷ್ಟೇ. ಮೇಲಿನ 6 ಅಂದರೆ ನಿಮ್ಮ ಮಗಳು ಕಣ್ಣು ಪರೀಕ್ಷೆಯ ಅಕ್ಷರದ ಬೋರ್ಡಿನಿಂದ 6 ಮೀಟರ್ ದೂರ ನಿಂತಿದ್ದಳು. ಕೆಳಗಿನ 12 ಅಂದರೆ ಅವಳು ಓದಿದ ಕೊನೆಯ ಸಾಲನ್ನು ಸಾಮಾನ್ಯ ಕಣ್ಣಿನವರು 12 ಮೀಟರ್ ದೂರದಿಂದಲೇ ಓದುತ್ತಾರೆ. ಅವಳಿಗೆ ಅಕ್ಷರ ಎರಡು ಪಟ್ಟು ದೊಡ್ಡದು ಬೇಕಾಯಿತು. ಇಷ್ಟೇ ಅದರ ಅರ್ಥ.

ಆ ಬೋರ್ಡಿನ ಅಕ್ಷರಗಳ ಗಾತ್ರ ಯಾರೋ ಮನಸ್ಸಿಗೆ ಬಂದ ಹಾಗೆ ಇಟ್ಟಿದ್ದಲ್ಲ. ನೆದರ್ಲೆಂಡ್ಸಿನ ಯುಟ್ರೆಕ್ಟ್ ಊರಿನ ಕಣ್ಣಿನ ಡಾಕ್ಟರ್ ಹರ್ಮನ್ ಸ್ನೆಲೆನ್ 1862ರಲ್ಲಿ ಅದಕ್ಕೊಂದು ಲೆಕ್ಕ ಹಾಕಿಕೊಟ್ಟರು. ಸುತ್ತಲೂ ಒಂದು ಸುತ್ತು ತಿರುಗಿದರೆ 360 ಡಿಗ್ರಿ ಅಲ್ವಾ, ಅದರಲ್ಲಿ ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲಿಗೆ ಒಂದು ಮಿನಿಟ್ ಅಂತ ಹೆಸರು. ಗಡಿಯಾರದ ಮಿನಿಟ್ ಅಲ್ಲ, ಕೋನದ್ದು. ಎಷ್ಟು ಸಣ್ಣದು ಅಂದರೆ ಹುಣ್ಣಿಮೆ ಚಂದ್ರನ ಅಗಲವೇ ನಮ್ಮ ಕಣ್ಣಿಗೆ ಸುಮಾರು 30 ಮಿನಿಟ್. ಒಂದು ಮಿನಿಟ್ ಅಂತರದಲ್ಲಿರುವ ಎರಡು ಗೆರೆಗಳನ್ನು ಬೇರೆ ಬೇರೆ ಅಂತ ಗುರುತಿಸಿದರೆ ಕಣ್ಣು ಸರಿಯಾಗಿದೆ ಅಂತ ಲೆಕ್ಕ. ಅಕ್ಷರದ ಒಂದೊಂದು ಗೆರೆಯೂ ಒಂದು ಮಿನಿಟ್ ದಪ್ಪ, ಇಡೀ ಅಕ್ಷರ ಐದು ಮಿನಿಟ್ ಎತ್ತರ. 6 ಮೀಟರ್ ದೂರದಿಂದ ಈ ಐದು ಮಿನಿಟ್ ಅಂದರೆ 8.7 ಮಿಲಿಮೀಟರ್. ಅದೇ 6/6 ಸಾಲು. ನಿಮ್ಮ ಮಗಳು ಓದಿದ ಸಾಲಿನ ಅಕ್ಷರ ಅದರ ಎರಡರಷ್ಟು, ಹದಿನೇಳೂವರೆ ಮಿಲಿಮೀಟರ್. ಎಲ್ಲಕ್ಕಿಂತ ಮೇಲಿನ ಒಂಟಿ ಅಕ್ಷರ ಇದೆಯಲ್ಲ, 6/60, ಅದು ಸುಮಾರು ಒಂಬತ್ತು ಸೆಂಟಿಮೀಟರ್. ಸ್ಕೇಲ್ ಇದ್ದರೆ ಮುಂದಿನ ಸಲ ಹೋದಾಗ ಅಳೆದು ನೋಡಿ, ಬೈದರೆ ನನ್ನ ಹೆಸರು ಹೇಳಬೇಡಿ.

ಈಗ ಮೈನಸ್ 0.75. ಇದು ಬೇರೆಯೇ ಅಳತೆ. 6/12 ಹೇಳುವುದು ಅವಳಿಗೆ ಎಷ್ಟು ಕಾಣುತ್ತದೆ ಅಂತ. 0.75 ಹೇಳುವುದು ಅದನ್ನು ಸರಿ ಮಾಡಲು ಎಷ್ಟು ಗಾಜು ಬೇಕು ಅಂತ. ಜನ ಇವೆರಡನ್ನೂ ಕಲಸಿಬಿಡುತ್ತಾರೆ, ಅಲ್ಲೇ ಎಲ್ಲ ಗೊಂದಲ. ನಂಬರ್ ಅಂದರೆ ಡಯಾಪ್ಟರ್. 1ನ್ನು ಆ ನಂಬರಿನಿಂದ ಭಾಗಿಸಿದರೆ ಮೀಟರಿನಲ್ಲಿ ಒಂದು ದೂರ ಸಿಗುತ್ತದೆ. ಮೈನಸ್ 1 ಇದ್ದವರಿಗೆ ಒಂದು ಮೀಟರಿನ ತನಕ ಸ್ಪಷ್ಟ, ಆಚೆಗೆ ಮಸುಕು. ಮೈನಸ್ 2 ಇದ್ದರೆ ಅರ್ಧ ಮೀಟರ್. ನಿಮ್ಮ ಮಗಳಿಗೆ ಸುಮಾರು 1.3 ಮೀಟರ್. ಹಾಗಾಗಿ ಪುಸ್ತಕ ಚೆನ್ನಾಗಿ ಕಾಣುತ್ತದೆ, ಕರಿಹಲಗೆ ಕಾಣುವುದಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಾಗದೇ ಇದ್ದಿದ್ದು ಅದಕ್ಕೇ.

ಅವಳ ಕಣ್ಣಿನಲ್ಲಿ ಆಗಿರುವುದು ಹೆಚ್ಚಾಗಿ ಇಷ್ಟು: ಕಣ್ಣುಗುಡ್ಡೆ ಹಿಂದಕ್ಕೆ ಸ್ವಲ್ಪ ಉದ್ದ ಬೆಳೆದಿದೆ. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್. ಒಂದೇ ಒಂದು ಮಿಲಿಮೀಟರ್ ಜಾಸ್ತಿ ಆದರೂ ಎರಡೂವರೆಯಿಂದ ಮೂರು ನಂಬರ್ ಬರುತ್ತದೆ. ಮುಕ್ಕಾಲು ನಂಬರ್ ಅಂದರೆ ಮಿಲಿಮೀಟರಿನ ಕಾಲು ಭಾಗದಷ್ಟು ವ್ಯತ್ಯಾಸ. ಬೆಳಕು ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾದ ಮೇಲೆ ಸೇರುವ ಬದಲು ಅದಕ್ಕಿಂತ ಮುಂಚೆಯೇ ಸೇರಿ ಮತ್ತೆ ಚದುರುತ್ತದೆ. ಮೈನಸ್ ಗಾಜು ಬೆಳಕನ್ನು ಸ್ವಲ್ಪ ಹರಡಿ ಒಳಗೆ ಕಳಿಸುತ್ತದೆ, ಅದು ಹಿಂದಕ್ಕೆ ಹೋಗಿ ಸರಿಯಾದ ಜಾಗದಲ್ಲಿ ಕೂರುತ್ತದೆ.

ನೀವು ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿದೆ. ಕನ್ನಡಕ ಹಾಕಿದ ಮೇಲೆ ಎಷ್ಟು? ಅಲ್ಲಿ 6/6 ಅಂತ ಬರೆದಿದ್ದರೆ ನಿಶ್ಚಿಂತೆಯಿಂದ ಮಲಗಿ. ನಮ್ಮ ದೇಶದ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ ಅಂಧತ್ವ ಅಂತ ಲೆಕ್ಕ ಹಿಡಿಯುವುದೂ ಹಾಗೆಯೇ. ಎರಡರಲ್ಲಿ ಚೆನ್ನಾಗಿರುವ ಕಣ್ಣಿಗೆ ತಕ್ಕ ಕನ್ನಡಕ ಹಾಕಿದ ಮೇಲೂ 3/60ಕ್ಕಿಂತ ಕಡಿಮೆ ಇರಬೇಕು, ಇಲ್ಲವೇ ನೋಟದ ಹರವು ತೀರಾ ಕಿರಿದಾಗಿರಬೇಕು. 2017ರ ತನಕ ಇದು 6/60 ಇತ್ತು, ಆಮೇಲೆ ಬದಲಾಯಿತು. 6/12 ಎಲ್ಲಿ, 3/60 ಎಲ್ಲಿ!

ಕನ್ನಡಕ ಹಾಕಿಸಿದರೆ ನಂಬರ್ ಏರುತ್ತದೆ, ಕಡಿಮೆ ನಂಬರ್ ಹಾಕಿಸಿ ಅಂತ ಯಾರಾದರೂ ಬಂದು ಹೇಳುತ್ತಾರೆ, ಕೇಳಬೇಡಿ. ಬೆಳೆಯುವ ವಯಸ್ಸಿನಲ್ಲಿ ಕಣ್ಣೂ ಬೆಳೆಯುತ್ತದೆ, ಗಾಜಿನ ತಪ್ಪಲ್ಲ. ಹಗಲು ಬೆಳಕಿನಲ್ಲಿ ಹೊರಗೆ ಆಡಿಸಿ. ಹೊರಗಿನ ಬೆಳಕಿನಲ್ಲಿ ಜಾಸ್ತಿ ಹೊತ್ತು ಕಳೆಯುವ ಮಕ್ಕಳಿಗೆ ಮೈನಸ್ ಬರುವುದು ಕಡಿಮೆ ಅಂತ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ನಮ್ಮ ಕಡೆ ಮಳೆಗಾಲದಲ್ಲಿ ಅದು ಹೇಳಿದಷ್ಟು ಸುಲಭ ಅಲ್ಲ, ಗೊತ್ತು. ಮಳೆ ಹೊಳವಾದಾಗಲಾದರೂ ಮೊಬೈಲ್ ಇಡಿಸಿ ಅಂಗಳಕ್ಕೆ ಅಟ್ಟಿ.

ಪ್ರಶ್ನೆ: ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ಕಣ್ಣು ನೋಡಿ ಚೀಟಿ ಪ್ರಿಂಟ್ ತೆಗೆದರು. ಅದರಲ್ಲೇ ನಂಬರ್ ಬಂತು. ಆಮೇಲೆ ಮತ್ತೆ ಭಾರದ ಫ್ರೇಮ್ ಹಾಕಿ, ಗಾಜು ಬದಲಿಸಿ, ಇದು ಚೆನ್ನಾಗಿದೆಯಾ ಅದು ಚೆನ್ನಾಗಿದೆಯಾ ಅಂತ ಅರ್ಧ ಗಂಟೆ ಕೂರಿಸಿದರು. ಮಿಷನ್ ಮೇಲೆ ಅವರಿಗೇ ನಂಬಿಕೆ ಇಲ್ಲವಾ? (ಭದ್ರಾವತಿ)

ಉತ್ತರ: ಅರ್ಧ ಗಂಟೆ ಕೂರಿಸಿದ್ದಾರೆ ಅಂದರೆ ಒಳ್ಳೆಯ ಅಂಗಡಿ, ಬಿಡಬೇಡಿ. ಚೀಟಿ ನೋಡಿ ಸೀದಾ ಗಾಜು ಕತ್ತರಿಸುವ ಕಡೆಗೆ ಹೋಗಬೇಡಿ.

ಆ ಮಿಷನ್ನಿನ ಒಳಗೆ ಉದ್ದ ರಸ್ತೆ, ಅದರ ತುದಿಯಲ್ಲಿ ಬಣ್ಣದ ದೊಡ್ಡ ಬಲೂನ್ ಕಾಣಿಸಿತಲ್ಲ? ಮೊದಲು ಮಸುಕಾಗಿ ಆಮೇಲೆ ಸ್ಪಷ್ಟ ಆಗಿರಬೇಕು. ನೀವು ದೂರ ನೋಡುತ್ತಿದ್ದೀರಿ ಅಂತ ಕಣ್ಣನ್ನು ನಂಬಿಸಿ, ಒಳಗಿನ ಮಸೂರವನ್ನು ಸಡಿಲ ಬಿಡಿಸುವುದಕ್ಕೆ ಆ ಚಿತ್ರ. ಅಷ್ಟರಲ್ಲಿ ಮಿಷನ್ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ಒಳಗೆ ಬಿಟ್ಟು, ರೆಟಿನಾಕ್ಕೆ ತಾಗಿ ವಾಪಸ್ ಬರುವುದನ್ನು ನೋಡಿ ಲೆಕ್ಕ ಹಾಕುತ್ತದೆ. ಲೆಕ್ಕ ಹೆಚ್ಚುಕಡಿಮೆ ಸರಿಯೇ ಇರುತ್ತದೆ. ಆದರೆ ಕಣ್ಣು ಮೋಸ ಹೋಗದೆ ಬಿಗಿ ಹಿಡಿದುಕೊಂಡರೆ, ಮಕ್ಕಳಂತೂ ಹಿಡಿದೇ ಹಿಡಿಯುತ್ತಾರೆ, ಇಲ್ಲದ ಮೈನಸ್ ಚೀಟಿಯಲ್ಲಿ ಬಂದುಬಿಡುತ್ತದೆ. ಮಕ್ಕಳಿಗೆ ಡ್ರಾಪ್ಸ್ ಹಾಕಿ ಪರೀಕ್ಷೆ ಮಾಡುವುದು ಇದಕ್ಕೇ.

ಕೆಂಪು ಹಸಿರು ಬಣ್ಣದ ಮೇಲೆ ಅಕ್ಷರ ತೋರಿಸಿ ಯಾವುದು ಕಡುಕಪ್ಪು ಕಾಣುತ್ತದೆ ಅಂತ ಕೇಳಿದರಾ? ಅದೂ ಸುಮ್ನೆ ಅಲ್ಲ. ಹಸಿರು ಬೆಳಕು ಕೆಂಪಿಗಿಂತ ಸ್ವಲ್ಪ ಜಾಸ್ತಿ ಬಾಗುತ್ತದೆ, ಹಾಗಾಗಿ ಕಣ್ಣೊಳಗೆ ಸ್ವಲ್ಪ ಮುಂದೆ ಸೇರುತ್ತದೆ, ಕೆಂಪು ಹಿಂದೆ. ಮೈನಸ್ ಜಾಸ್ತಿ ಕೊಟ್ಟಿದ್ದರೆ ಹಸಿರಿನ ಮೇಲಿನ ಅಕ್ಷರವೇ ಚೆನ್ನಾಗಿ ಕಾಣುತ್ತದೆ. ಆಗ ಬರೀ ಕಾಲು ನಂಬರ್ ಇಳಿಸಿ ಮತ್ತೆ ಕೇಳುತ್ತಾರೆ. ಕೊನೆಗೆ ನೋಡಬೇಕಾದವರು ನೀವು ತಾನೇ.

ಪತ್ರದ ಕೊನೆಯಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ನಂಬರ್ ತೆಗೆಯಲು ಆಗುವುದಿಲ್ಲ. ಆದರೆ ಮಸುಕು ನಂಬರಿನಿಂದಲೋ ಬೇರೆ ಏನಾದರೂ ತೊಂದರೆಯೋ ಅಂತ ಅಂದಾಜು ಮಾಡಬಹುದು. ಹಳೇ ಮದುವೆ ಕಾಗದದ ದಪ್ಪ ಹಾಳೆ ತಗೊಳ್ಳಿ. ಒಂದು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದಾಗಿ, ಅಂಚು ಹರಿಯದ ಹಾಗೆ ಒಂದು ತೂತು ಮಾಡಿ. ಗೋಡೆ ಕ್ಯಾಲೆಂಡರ್ ಸರಿಯಾಗಿ ಕಾಣದಷ್ಟು ದೂರ ನಿಂತು, ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ತೂತನ್ನು ಹತ್ತಿರ ಹಿಡಿದು ನೋಡಿ. ತಾರೀಖು ಸ್ಪಷ್ಟ ಆಯಿತಾ? ಹಾಗಿದ್ದರೆ ಹೆಚ್ಚಾಗಿ ಕನ್ನಡಕದಲ್ಲಿ ಸರಿಹೋಗುವಂಥದ್ದು. ಸಣ್ಣ ತೂತಿನಿಂದ ತೆಳ್ಳನೆ ಬೆಳಕು ಮಾತ್ರ ಒಳಗೆ ಹೋಗುವುದರಿಂದ ಚದುರಲು ಅವಕಾಶ ಇಲ್ಲ. ಮಕ್ಕಳು ಕಣ್ಣು ಕಿರಿದು ಮಾಡಿ ನೋಡುವುದೂ ಇದೇ ಉಪಾಯ. ತೂತಿನಲ್ಲೂ ಮಸುಕೇ ಇದ್ದರೆ, ಅಥವಾ ಇನ್ನೂ ಕಡಿಮೆ ಕಂಡರೆ, ಅಂಗಡಿಗೆ ಹೋಗಬೇಡಿ, ಕಣ್ಣಿನ ಡಾಕ್ಟರ ಹತ್ತಿರವೇ ಹೋಗಿ. ಪೊರೆ ಇರಬಹುದು, ರೆಟಿನಾದ ತೊಂದರೆ ಇರಬಹುದು. ಒಂದೊಂದೇ ಕಣ್ಣು ನೋಡುವುದು ಮುಖ್ಯ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಮಂದ ಆಗಿರುವುದು ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ. ಸಣ್ಣ ಮಕ್ಕಳಲ್ಲಿ ಹಾಗೆ ಬಿಟ್ಟರೆ ಆ ಕಣ್ಣು ನೋಡುವುದನ್ನೇ ಕಲಿಯದೆ ಸೋಮಾರಿಯಾಗಿ ಉಳಿಯುತ್ತದೆ, ಏಳೆಂಟು ವರ್ಷದೊಳಗೆ ಸಿಕ್ಕಿದರೆ ಸರಿ ಮಾಡುವುದು ಸುಲಭ.

ಪ್ರಶ್ನೆ: ಅಮ್ಮನಿಗೆ 52 ವರ್ಷ. ಇಷ್ಟು ವರ್ಷ ಕನ್ನಡಕ ಮುಟ್ಟಿದವರಲ್ಲ. ಈಗಲೂ ತೋಟದ ಆಚೆ ಬದಿ ಯಾರು ಬಂದರು ಅಂತ ಹೇಳುತ್ತಾರೆ. ಆದರೆ ರಾತ್ರಿ ಅಡಿಕೆ ಸುಲಿಯುವಾಗ ಎರಡು ಸಲ ಕೈ ಕುಯ್ದುಕೊಂಡರು, ಸೂಜಿಗೆ ದಾರ ನನ್ನ ಹತ್ತಿರ ಪೋಣಿಸಿಕೊಳ್ಳುತ್ತಾರೆ. ಸಂತೆಯಲ್ಲಿ ಸಿಗುವ ಕನ್ನಡಕ ತಂದುಕೊಡಲಾ? ಅಪ್ಪ 55, ಅವರು ಮೊದಲಿಂದ ಮೈನಸ್ ಕನ್ನಡಕ, ಪೇಪರ್ ಓದುವಾಗ ಅದನ್ನು ತೆಗೆದಿಟ್ಟು ಆರಾಮವಾಗಿ ಓದುತ್ತಾರೆ. ಇದೆಂಥ ನ್ಯಾಯ? (ತೀರ್ಥಹಳ್ಳಿ)

ಉತ್ತರ: ಅಮ್ಮನಿಗೆ ಬಂದಿರುವುದು ಚಾಳೀಸು. ಹನ್ನೆರಡು ವರ್ಷ ತಡವಾಗಿ ಪತ್ರ ಬರೆದಿದ್ದೀರಿ, ಅಷ್ಟೇ.

ದೂರ ನೋಡಲು ಕಣ್ಣಿಗೆ ಕೆಲಸ ಕಡಿಮೆ. ಹತ್ತಿರ ನೋಡಬೇಕಾದರೆ ಒಳಗಿನ ಮಸೂರ ಉಬ್ಬಿ ಶಕ್ತಿ ಹೆಚ್ಚಿಸಿಕೊಳ್ಳಬೇಕು. 40 ಸೆಂಟಿಮೀಟರ್ ದೂರದ ಸೂಜಿ ನೋಡಲು ಎರಡೂವರೆ ಡಯಾಪ್ಟರ್ ಜಾಸ್ತಿ ಬೇಕು, ಲೆಕ್ಕ ಅದೇ, 1ನ್ನು 0.4ರಿಂದ ಭಾಗಿಸಿ. ಹತ್ತು ವರ್ಷದ ಮಗುವಿಗೆ ಹತ್ತಕ್ಕಿಂತ ಹೆಚ್ಚು ಡಯಾಪ್ಟರ್ ಹೀಗೆ ಕೈಯಲ್ಲೇ ಇರುತ್ತದೆ, ಮೂಗಿನ ತುದಿಗೆ ಪುಸ್ತಕ ಹಿಡಿದು ಓದುತ್ತದೆ. ವಯಸ್ಸಾಗುತ್ತಾ ಮಸೂರ ಗಟ್ಟಿಯಾಗುತ್ತದೆ. ಐವತ್ತು ದಾಟುವಾಗ ಎರಡು ಉಳಿದರೆ ಹೆಚ್ಚು. ಇದ್ದಿದ್ದನ್ನೆಲ್ಲ ಪೂರ್ತಿ ಬಳಸಿ ಗಂಟೆಗಟ್ಟಲೆ ಕೂರಲೂ ಆಗುವುದಿಲ್ಲ, ತಲೆನೋವು ಬರುತ್ತದೆ. ಇದು ರೋಗ ಅಲ್ಲ. ಕ್ಯಾರೆಟ್ ತಿಂದರೆ ಹೋಗುವುದೂ ಇಲ್ಲ.

ಅಪ್ಪನ ವಿಷಯ ಅನ್ಯಾಯ ಏನಲ್ಲ. ಅವರಿಗೆ ಮೈನಸ್ ಎರಡೂವರೆ ಆಸುಪಾಸು ಇರಬೇಕು. ಕನ್ನಡಕ ತೆಗೆದರೆ ಅವರ ಕಣ್ಣು ತಾನಾಗಿಯೇ 40 ಸೆಂಟಿಮೀಟರಿಗೆ ಸರಿಹೊಂದಿದೆ. ಮಸೂರ ಅಲುಗದಿದ್ದರೂ ಪೇಪರ್ ಕಾಣುತ್ತದೆ. ಅವರಿಗೂ ಚಾಳೀಸು ಬಂದಿದೆ, ಕನ್ನಡಕ ಹಾಕಿಕೊಂಡೇ ಪೇಪರ್ ಓದಲು ಹೇಳಿ, ಗೊತ್ತಾಗುತ್ತದೆ.

ಸಂತೆ ಕನ್ನಡಕದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಅದು ವಿಷ ಅಲ್ಲ. ಎರಡೂ ಕಣ್ಣಿಗೆ ಒಂದೇ ನಂಬರ್ ಇರುತ್ತದೆ, ಕಣ್ಣಿನ ಮುಂಭಾಗ ಎಲ್ಲ ಕಡೆ ಸಮ ಬಾಗದಿದ್ದರೆ ಬೇಕಾಗುವ ಸಿಲಿಂಡರ್ ನಂಬರ್ ಇರುವುದಿಲ್ಲ. ನಿಮ್ಮ ಅಮ್ಮನ ಎರಡು ಕಣ್ಣೂ ಸಮ ಇದ್ದರೆ ನಡೆಯುತ್ತದೆ, ಕಣ್ಣು ಹಾಳಾಗುವುದಿಲ್ಲ. ನನ್ನ ತಕರಾರು ಬೇರೆ. ಸಂತೆಯಲ್ಲಿ ಕನ್ನಡಕ ತಗೊಂಡವರು ಕಣ್ಣಿನ ಡಾಕ್ಟರ ಬಾಗಿಲಿಗೇ ಹೋಗುವುದಿಲ್ಲ. ಕಣ್ಣಿನ ನರ ಹಾಳು ಮಾಡುವ ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ರೆಟಿನಾಕ್ಕೆ ಆಗುವ ತೊಂದರೆ, ಇವೆಲ್ಲ ಬರುವುದು ಇದೇ ವಯಸ್ಸಿನಲ್ಲಿ, ಮತ್ತು ಇವು ಶುರುವಿನಲ್ಲಿ ನೋಟಕ್ಕೆ ಏನೂ ಮಾಡುವುದಿಲ್ಲ, 6/6 ಓದುತ್ತಲೇ ಇರುತ್ತಾರೆ. ಒಂದು ಸಲ ಪೂರ್ತಿ ತೋರಿಸಿ. ಆಮೇಲೆ ಬೇಕಾದರೆ ಸಂತೆಯದೇ ಎರಡು ತಂದು ಒಂದನ್ನು ಅಡುಗೆಮನೆಯಲ್ಲಿ, ಒಂದನ್ನು ಅಡಿಕೆ ಸುಲಿಯುವ ಜಾಗದಲ್ಲಿ ಇಡಿ.

ಇನ್ನೊಂದು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಇರುವುದು ಪುಸ್ತಕ ಹಿಡಿಯುವ ದೂರದಲ್ಲಿ ಅಲ್ಲ, ಅದಕ್ಕಿಂತ ದೂರ. ಕೂತ ಹಾಗೇ ಕಣ್ಣಿನಿಂದ ಕತ್ತಿಯ ಬಾಯಿಗೆ ಟೇಪ್ ಹಿಡಿದು ಅಳೆದುಕೊಂಡು ಹೋಗಿ ಹೇಳಿ. ಓದುವ ನಂಬರ್ ಹಾಕಿಕೊಂಡು ಅಡಿಕೆ ಸುಲಿದರೆ ಕತ್ತಿ ಮತ್ತೆ ಮಸುಕೇ. ಬಲ್ಬನ್ನೂ ಸ್ವಲ್ಪ ಹತ್ತಿರ ಇಳಿಬಿಡಿ, ಬೆಳಕು ಜಾಸ್ತಿ ಇದ್ದರೆ ಪಾಪೆ, ಅಂದರೆ ಕಣ್ಣಿನ ನಡುವಿನ ಕಪ್ಪು ತೂತು, ಕಿರಿದಾಗುತ್ತದೆ, ಆಗಲೇ ಹೇಳಿದ ಕಾಗದದ ತೂತಿನ ಲಾಭ ಸಿಗುತ್ತದೆ.

ಪ್ರಶ್ನೆ: ಹೊಳೆಯಲ್ಲಿ ಮುಳುಗಿ ಕಣ್ಣು ಬಿಟ್ಟರೆ ನೀರು ತಿಳಿಯಾಗಿದ್ದರೂ ಎಲ್ಲ ಮಸುಕು. ಈಜುವ ಗಾಗಲ್ಸ್ ಹಾಕಿದರೆ ಸರಿ ಕಾಣುತ್ತದೆ. ಅದರಲ್ಲಿ ನಂಬರ್ ಇದೆಯಾ? (ಒಂಬತ್ತನೇ ತರಗತಿ, ಕೊಪ್ಪ)

ಉತ್ತರ: ನಂಬರ್ ಇಲ್ಲ, ಗಾಳಿ ಇದೆ! ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರನೇ ಎರಡು ಪಾಲು ಮಾಡುವುದು ಒಳಗಿನ ಮಸೂರ ಅಲ್ಲ, ಮುಂದಿನ ಪಾರದರ್ಶಕ ಕಾರ್ನಿಯಾ. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್, ಅದರಲ್ಲಿ 43ರಷ್ಟು ಕಾರ್ನಿಯಾದ್ದು. ಅದು ಗಾಳಿಯಿಂದ ಬಂದ ಬೆಳಕನ್ನು ಬಾಗಿಸುತ್ತದೆ. ನೀರಿಗೂ ಕಾರ್ನಿಯಾಕ್ಕೂ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಗುಣದ ಅಳತೆ, ಹೆಚ್ಚುಕಡಿಮೆ ಒಂದೇ. ಹಾಗಾಗಿ ನೀರೊಳಗೆ ಕಾರ್ನಿಯಾದಲ್ಲಿ ಬೆಳಕು ಬಾಗುವುದೇ ಇಲ್ಲ ಅನ್ನಬಹುದು, 40ಕ್ಕಿಂತ ಹೆಚ್ಚು ನಂಬರ್ ಇರುವವರ ತರ ಕಾಣುತ್ತದೆ. ಗಾಗಲ್ಸ್ ಕಣ್ಣಿನ ಮುಂದೆ ಒಂದಿಷ್ಟು ಗಾಳಿ ಇಟ್ಟುಕೊಡುತ್ತದೆ. ಆಗ ಕಾರ್ನಿಯಾ ಮತ್ತೆ ಕೆಲಸ ಶುರು ಮಾಡುತ್ತದೆ. ಮಳೆಗಾಲದಲ್ಲಿ ಹೊಳೆಗೆ ಇಳಿಯಬೇಡ, ಪ್ರಯೋಗ ಬೇಸಿಗೆಗೆ ಇಟ್ಟುಕೋ.

ಪ್ರಶ್ನೆ: ಕಾರು ಓಡಿಸುತ್ತೇನೆ. ಹಗಲಲ್ಲಿ ತೊಂದರೆ ಇಲ್ಲ, ತಪಾಸಣೆಯಲ್ಲೂ ಒಂದು ಕಣ್ಣು 6/6, ಇನ್ನೊಂದು 6/9 ಬಂತು. ರಾತ್ರಿ ಆಗುಂಬೆ ಘಾಟಿಯಲ್ಲಿ ಎದುರಿನ ಲೈಟು ಕಡ್ಡಿಕಡ್ಡಿಯಾಗಿ ಹರಡುತ್ತದೆ. ಯಾಕೆ? ಇನ್ನೊಂದು, ಹಿಂದಿನವರು ಅರುಂಧತಿ ನಕ್ಷತ್ರ ಕಂಡರೆ ಕಣ್ಣು ಚೆನ್ನಾಗಿದೆ ಅನ್ನುತ್ತಿದ್ದರಂತೆ, ಅದು 6/6ಕ್ಕೆ ಸಮವಾ? ಲೈಸೆನ್ಸ್ ಮಾಡಿಸಲು ಎಷ್ಟು ಬೇಕು? (ಶಿವಮೊಗ್ಗ)

ಉತ್ತರ: ಮೂರಕ್ಕೂ ಒಟ್ಟಿಗೇ ಹೇಳುತ್ತೇನೆ, ಒಂದಕ್ಕೊಂದು ಸಂಬಂಧ ಇದೆ.

ಬೋರ್ಡಿನ ಪರೀಕ್ಷೆ ನಡೆಯುವುದು ಒಳ್ಳೆಯ ಬೆಳಕಿನಲ್ಲಿ, ಬಿಳಿ ಮೇಲೆ ಕಪ್ಪು ಅಕ್ಷರ. ಆಗ ಪಾಪೆ ಮೂರು ಮಿಲಿಮೀಟರ್ ಇರುತ್ತದೆ ಅಂತ ಇಟ್ಟುಕೊಳ್ಳಿ. ಕತ್ತಲಲ್ಲಿ ಅದು ಆರಕ್ಕೆ ಹಿಗ್ಗುತ್ತದೆ. ನಿಮ್ಮ 6/9 ಕಣ್ಣಿನಲ್ಲಿ ಅರ್ಧ ನಂಬರ್ ಇದ್ದರೆ, ಒಂದು ಬೆಳಕಿನ ಚುಕ್ಕೆ ಹಗಲಲ್ಲಿ ಸುಮಾರು 5 ಮಿನಿಟ್ ಅಗಲ ಹರಡುತ್ತದೆ, ರಾತ್ರಿ 10 ಮಿನಿಟ್. ಮಸುಕು ಪಾಪೆಯ ಅಗಲದ ಜೊತೆಗೇ ಬೆಳೆಯುತ್ತದೆ. ನಂಬರ್ ಅಷ್ಟೇ ಇದೆ, ತೊಂದರೆ ದುಪ್ಪಟ್ಟು. ಹಗಲಲ್ಲಿ ಲೆಕ್ಕಕ್ಕೇ ಬಾರದ ಅರ್ಧ ನಂಬರ್ ಘಾಟಿಯಲ್ಲಿ ಕಾಡುವುದು ಹೀಗೆ. ಕಡ್ಡಿಕಡ್ಡಿ ಒಂದೇ ದಿಕ್ಕಿಗೆ ಹರಡಿದರೆ ಸಿಲಿಂಡರ್ ಇರಬಹುದು, ಅಂದರೆ ಕಾರ್ನಿಯಾ ಎಲ್ಲ ಕಡೆ ಒಂದೇ ಸಮ ಬಾಗಿಲ್ಲ. ಸುತ್ತಲೂ ಹರಡಿ ಕಣ್ಣಿಗೆ ಚುಚ್ಚಿದ ಹಾಗಾದರೆ ಪೊರೆ ಶುರುವಾಗಿದೆಯಾ ನೋಡಿಸಿ. ಎರಡಕ್ಕೂ ಮುಂಚೆ ಗಾಡಿಯ ಗಾಜನ್ನು ಒಳಗಿನಿಂದ ಒರೆಸಿ. ಮಂಜಿನ ದಿನ ಮಾತ್ರ ಯಾವ ಕನ್ನಡಕವೂ ಕೆಲಸಕ್ಕೆ ಬಾರದು. ರಾತ್ರಿಗೆ ಅಂತ ಮಾರುವ ಹಳದಿ ಕನ್ನಡಕಕ್ಕೆ ದುಡ್ಡು ಹಾಕಬೇಡಿ, ಅದು ಬರುವ ಬೆಳಕನ್ನೇ ಕಡಿಮೆ ಮಾಡುತ್ತದೆ.

ಅರುಂಧತಿ ಮತ್ತು ವಸಿಷ್ಠ ನಕ್ಷತ್ರಗಳ ನಡುವಿನ ಅಂತರ ಸುಮಾರು 12 ಮಿನಿಟ್, ಚಂದ್ರನ ಅಗಲದ ಅರ್ಧಕ್ಕಿಂತ ಸ್ವಲ್ಪ ಕಡಿಮೆ. 6/6 ಕಣ್ಣಿಗೆ ಬೇಕಾಗಿರುವುದು ಒಂದೇ ಮಿನಿಟ್. ಹಾಗಾಗಿ ಅಂತರದ ಲೆಕ್ಕದಲ್ಲಿ ಇದು ತುಂಬಾ ಸುಲಭದ ಪರೀಕ್ಷೆ, ಬೋರ್ಡಿನ 6/60 ಅಕ್ಷರದ ಗೆರೆಯೇ 10 ಮಿನಿಟ್ ದಪ್ಪ. ಕಷ್ಟ ಇರುವುದು ಬೇರೆ ಕಡೆ. ಅರುಂಧತಿ ಮಂಕು ನಕ್ಷತ್ರ, ಮತ್ತು ನೋಡುವುದು ಕತ್ತಲಲ್ಲಿ, ಹಿಗ್ಗಿದ ಪಾಪೆಯಲ್ಲಿ. ಕನ್ನಡಕ ಹಾಕದ ಮೈನಸ್ 1ರವರಿಗೆ ಒಂದೊಂದು ನಕ್ಷತ್ರವೂ 20 ಮಿನಿಟ್ ಹರಡಿ ಎರಡೂ ಕಲಸಿಹೋಗುತ್ತವೆ. ಅರ್ಧ ನಂಬರ್ ಇದ್ದರೆ ಅಂಚಿನಲ್ಲಿ ಬೇರೆಯಾಗುತ್ತವೆ. ಆ ಮಟ್ಟಿಗೆ ಹಿಂದಿನವರ ಮಾತು ಸರಿ, 6/6ಕ್ಕೆ ಸಮ ಅಲ್ಲದಿದ್ದರೂ ರಾತ್ರಿಯ ನೋಟಕ್ಕೆ ಒಳ್ಳೆಯ ಪರೀಕ್ಷೆ. ಮದುವೆಮನೆಯಲ್ಲಿ ಮಟಮಟ ಮಧ್ಯಾಹ್ನ ಪುರೋಹಿತರು ಬೆರಳು ತೋರಿಸಿ, ಕಂಡಿತಾ ಅಂದಾಗ ಮದುಮಕ್ಕಳು ಕಂಡಿತು ಅನ್ನುತ್ತಾರಲ್ಲ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಲೈಸೆನ್ಸ್ ಅರ್ಜಿಯ ಜೊತೆ ಕೊಡುವ ಘೋಷಣೆಯಲ್ಲಿ ಕೇಳುವುದು ಹೀಗೆ: ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕ ಇದ್ದರೆ ಹಾಕಿಕೊಂಡು, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಗುರುತಿಸುತ್ತೀರಾ? ಕಾರಿನ ಪ್ಲೇಟಿನ ಅಕ್ಷರ 65 ಮಿಲಿಮೀಟರ್ ಎತ್ತರ, ಗೆರೆ 10 ಮಿಲಿಮೀಟರ್ ದಪ್ಪ ಅಂತ ನಿಯಮ. 25 ಮೀಟರಿನಿಂದ ಲೆಕ್ಕ ಹಾಕಿದರೆ ಬೋರ್ಡಿನ 6/9 ಸಾಲಿನ ಆಸುಪಾಸು ಬರುತ್ತದೆ. ನೀವು ಪಾಸು. ಮನೆ ಎದುರಿನ ರಸ್ತೆಯಲ್ಲೇ ದೊಡ್ಡ ಹೆಜ್ಜೆ ಹಾಕಿ ಅಳೆದು ನೋಡಬಹುದು, ಒಂದೊಂದೇ ಕಣ್ಣು ಮುಚ್ಚಿ. ಪ್ಲೇಟ್ ಮೇಲೆ ಕೆಸರಿಲ್ಲದ ಕಾರು ಸಿಗಬೇಕು, ಜುಲೈಯಲ್ಲಿ ನಮ್ಮ ಕಡೆ ಅದೇ ಕಷ್ಟ.